ಹದಿನೈದನೇ ತಾರೀಖಿನ ಮಳೆ

ನಂಬಿ ಎಂದು ಯಾರ ಕೈಕಾಲೂ ಹಿಡಿಯುವವಳಲ್ಲ ನಾನು. ಆ ಸಂಜೆ ತಮ್ಮನ ಫೋನು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಮಾತಾಡಿದೆ ಎಂಬುದು ಇವತ್ತಿಗೂ ನನ್ನ ಮೊಬೈಲಿನಲ್ಲಿದೆ. ಆ ಒಂದು ಸಾಲನ್ನು ನಾನು ಅಳಿಸಿಲ್ಲ. ಉಳಿದದ್ದಕ್ಕೆ ಸಾಕ್ಷಿ ಇಲ್ಲ... ಆದರೆ ನಡೆದದ್ದಂತೂ ನಿಜ.

ಸೋಲಾಪುರದಲ್ಲಿ ಹವಾಮಾನದ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಸರ್ಕಾರಿ ಕೆಲಸ ನನ್ನದು, ಗುತ್ತಿಗೆಯ ಮೇಲೆ. ನೂರು ವರ್ಷದಲ್ಲಿ ಮಳೆ ಹೇಗೆ ಬದಲಾಯಿತು ಎಂದು ಸಂಶೋಧನೆ ಮಾಡುವ ದೊಡ್ಡವರು ಬೇರೆ ಊರಲ್ಲಿ ಕೂತಿದ್ದಾರೆ. ಹಳ್ಳಿಹಳ್ಳಿಯ ಮಳೆ ರಜಿಸ್ಟರುಗಳಿಂದ ಒಂದೊಂದೇ ಅಂಕಿ ಓದಿ ಒತ್ತುವುದು ನಮ್ಮ ಪಾಲು. ಕಣ್ಣು ಹೋಗುವ ಕೆಲಸ.

ಅಕ್ಕಲಕೋಟ ತಾಲೂಕಿನ ಒಂದು ಕಟ್ಟು ತಿರುಗಿ ತಿರುಗಿ ನನ್ನ ಮೇಜಿಗೇ ಬಂತು. ಅದರಲ್ಲಿ ಅಂಕಿಗಳೆಲ್ಲ ಕನ್ನಡದವು. ಜೊತೆಯ ಹುಡುಗಿಯರಿಗೆ ಮನೆಯಲ್ಲಿ ಆಡುವ ಕನ್ನಡ ಬರುತ್ತದೆ, ಓದಲು ಬಾರದು. ನಾನು ಮೊದಲ ಪುಟ ತೆರೆದವಳೇ ಹಾಗೇ ಕೂತುಬಿಟ್ಟೆ. ಅದು ನನ್ನ ಅಪ್ಪನ ಕೈಬರಹ.

ಅಪ್ಪ ಚಪಳಗಾಂವದ ಹತ್ತಿರ ನಮ್ಮ ಸಣ್ಣ ಊರಿನಲ್ಲಿ ಕೋತವಾಲನಾಗಿದ್ದ, ಅಂದರೆ ಗ್ರಾಮಲೆಕ್ಕಿಗ ತಲಾಠಿಯ ಕೈಕೆಳಗೆ ಊರ ಕೆಲಸ ಮಾಡುವವ. ಮಳೆ ಅಳೆಯುವುದೂ ಅವನದೇ. ದಿನಾ ಮುಂಜಾನೆ ಎಂಟೂವರೆಗೆ ಸ್ನಾನ ಮಾಡಿ, ಚಪ್ಪಲಿ ಬಿಟ್ಟು, ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿಯುತ್ತಿದ್ದ. ಗುಳ್ಳೆ ನಿಲ್ಲಬಾರದೆಂದು ಉಗುರಿನಿಂದ ಗಾಜಿಗೆ ಎರಡು ಸಲ ಬಡಿಯುತ್ತಿದ್ದ. ಟಿಣ್... ಟಿಣ್. ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆಯುವುದು. ಹನಿ ಬೀಳದ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದ. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು.

ಈ ಕೆಲಸಕ್ಕೆ ಬರುವ ಹೊಸಬರೆಲ್ಲ ಎಡವುವುದು ಒಂದೇ ಕಡೆ. ಹತ್ತನೇ ತಾರೀಖಿನ ಎದುರು ಬರೆದ ಮಳೆ ಹತ್ತರಂದು ಹಗಲಿಡೀ ಬಿದ್ದದ್ದಲ್ಲ. ಒಂಬತ್ತರ ಮುಂಜಾನೆಯಿಂದ ಹತ್ತರ ಮುಂಜಾನೆಯ ತನಕ ಬಿದ್ದದ್ದು. ಅಳೆದ ದಿನದ ಹೆಸರಿಗೆ ಬರೆಯುವುದು ಪದ್ಧತಿ. ಅಪ್ಪ ಇದನ್ನು ನನಗೆ ಎರಡನೇ ಇಯತ್ತೆಯಲ್ಲಿದ್ದಾಗಲೇ ಕಲಿಸಿದ್ದ. ನಾನೂ ಎಷ್ಟೋ ಜನರಿಗೆ ಬೈದು ಬೈದು ಕಲಿಸಿದ್ದೇನೆ.

ಈಗ ದತ್ತೂನ ಮಾತು. ನನ್ನ ಒಬ್ಬನೇ ತಮ್ಮ. ಸೋಲಾಪುರದಲ್ಲಿ ಚಾದರ ನೇಯುವ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ಸುನಂದಾ ಮತ್ತು ಸಣ್ಣ ಮಗ ಊರಲ್ಲಿ. ವಾರದ ರಜೆಗೆ ಮೋಟಾರ್‌ಸೈಕಲ್ ಮೇಲೆ ಊರಿಗೆ ಹೋಗುತ್ತಿದ್ದ. ಊರ ಮುಂದೆ ಒಂದು ಹಳ್ಳ, ಅದರ ಮೇಲೆ ಕಟಕಟೆ ಇಲ್ಲದ ತಗ್ಗಿನ ಪೂಲ, ಸಣ್ಣ ಸೇತುವೆ. ಹೊರಡುವ ಮುಂಚೆ ಪ್ರತಿ ಸಲ ನನಗೆ ಫೋನು ಮಾಡಿ ಚಾಷ್ಟಿ ಮಾಡುವುದು ಅವನ ಚಟ.

"ಮಳಿ ಅಕ್ಕಾ, ಇವತ್ತ ಮಳಿ ಐತೇನ?"

"ನಾ ಹಳಿ ಮಳಿ ಬರಿಯಾಕಿ. ಹೊಸ ಮಳಿ ನನಗೇನ್ ಗೊತ್ತೋ ಖೋಡಿ?" ಎಂದು ಬೈಯುತ್ತಿದ್ದೆ. ಅವನು ನಕ್ಕು ಫೋನಿಡುತ್ತಿದ್ದ. ವರ್ಷಗಟ್ಟಲೆ ಇದೇ ನಡೆದಿತ್ತು.

ಅವತ್ತು ಸೆಪ್ಟೆಂಬರ್ ಹದಿನಾಲ್ಕು. ಮರುದಿನ ಅಪ್ಪನ ಕಟ್ಟು ಸ್ಕ್ಯಾನಿಂಗಿಗೆ ಹೋಗಬೇಕಿತ್ತು, ಹಾಗಾಗಿ ಎಲ್ಲರೂ ಹೋದ ಮೇಲೂ ನಾನು ಉಳಿದೆ. ಗೇಟಿನಲ್ಲಿ ಕಾವಲುಗಾರ ಗುರಪ್ಪ ಮಾಮಾ ಒಬ್ಬರೇ. ಹೊರಗೆ ಎಲೆ ಅಲುಗದಂಥ ಧಗೆ. ಏಳು ದಾಟಿತ್ತು, ಕರೆಂಟು ಹೋಯಿತು.

ಮೊಬೈಲಿನ ಟಾರ್ಚು ಹಚ್ಚಬೇಕು ಎನ್ನುವಷ್ಟರಲ್ಲಿ ವಾಸನೆ ಬಂತು. ತಂಬಾಕು, ಸುಣ್ಣ, ಒದ್ದೆ ಬೇವಿನ ಎಲೆ... ನಮ್ಮ ಹಿತ್ತಲಿನ ಮಳೆಮಾಪಕದ ಹತ್ತಿರ ಇರುತ್ತಿದ್ದ ವಾಸನೆ. ಮುಚ್ಚಿದ ಕೋಣೆಗೆ ಅದು ಎಲ್ಲಿಂದ ಬರಬೇಕು?

ಆಮೇಲೆ ಆ ಸದ್ದು.

ಟಿಣ್... ಟಿಣ್.

ನನ್ನ ಮೇಜಿನ ಆ ಕಡೆಯಿಂದಲೇ ಬಂತು. "ಗುರಪ್ಪ ಮಾಮಾ..." ಎಂದೆ. ಟಾರ್ಚು ಹಚ್ಚಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ನಾನು ಮುಚ್ಚಿಟ್ಟಿದ್ದ ರಜಿಸ್ಟರು ತೆರೆದಿತ್ತು.

ತೆರೆದದ್ದು ಕೊನೆಯ ಕಡೆಯ ಖಾಲಿ ಹಾಳೆಗಳಲ್ಲಿ. ಮಧ್ಯಾಹ್ನವಷ್ಟೇ ಆ ಹಾಳೆಗಳನ್ನು ನಾನೇ ಎಣಿಸಿ, ಖಾಲಿ ಎಂದು ಚೀಟಿ ಬರೆದಿದ್ದೆ. ಈಗ ಒಂದು ಹಾಳೆ ಖಾಲಿ ಇರಲಿಲ್ಲ. ಮೇಲೆ ಸೆಪ್ಟೆಂಬರ್, ಪಕ್ಕದಲ್ಲಿ ಈ ವರ್ಷದ ಇಸವಿ. ಕೆಳಗೆ ಅಪ್ಪನ ದುಂಡನೆಯ ಕನ್ನಡ ಅಂಕಿಗಳು.

ಒಂದರಿಂದ ಹದಿಮೂರರ ತನಕ ಅಲ್ಲಲ್ಲಿ ಸಣ್ಣ ಮಳೆ. ಹದಿನಾಲ್ಕರ ಎದುರು ಸೊನ್ನೆ. ಹದಿನೈದರ ಎದುರು ೧೬೨. ಷರಾ ಬರೆಯುವ ಜಾಗದಲ್ಲಿ ಮೂರೇ ಮಾತು: ಹಳ್ಳ ಪೂಲಿನ ಮ್ಯಾಲ.

ಬೆರಳಿಟ್ಟು ನೋಡಿದೆ. ಮಸಿ ಬೆರಳಿಗೆ ಹತ್ತಿತು.

ಆಗಲೇ ಫೋನು ಬಡಿದುಕೊಂಡಿತು. ನೋಡಿದರೆ ದತ್ತೂ.

"ಮಳಿ ಅಕ್ಕಾ, ಇವತ್ತ ಮಳಿ ಐತೇನ?"

ನಾನು ಬೈಯಲಿಲ್ಲ. ಅದೊಂದೇ ಸಲ.

"ದತ್ತೂ... ಊರಿಗಿ ಯಾವಾಗ ಹೊಂಟೀದಿ?"

"ಉದ್ಯಾ ಮುಂಜಾನಿ ಹೋಗಬೇಕಂತ ಮಾಡೀನಿ. ಇವತ್ತ ಡಬಲ್ ಪಾಳಿ ಆಗೇತಿ, ಮೈ ಕೈ ನೋಯಾಕತ್ತಾವ. ಯಾಕ? ನಿನ್ನ ದನಿ ಯಾಕ ಹಿಂಗೈತಿ?"

"ನಾಳಿ ಬ್ಯಾಡ. ಉದ್ಯಾ ಹೋಗಬ್ಯಾಡ ನೀ. ಹಳ್ಳ ಬರತೈತಿ."

"ಏ, ನಕ್ಕಿ? ಖರೇನ?"

"ನಕ್ಕಿ. ಹೋಗೋದಿದ್ರ ಈಗ ಹೋಗು. ಇವತ್ತ ಏನೂ ಇಲ್ಲ. ಸೊನ್ನಿ ಐತಿ."

ಅವನು ಜೋರಾಗಿ ನಕ್ಕ. "ಇಷ್ಟ ವರ್ಷಕ್ಕ ಒಮ್ಮೆರೆ ಜವಾಬ ಕೊಟ್ಟಿ ನೋಡು. ಬರೋಬರ್, ಈಗೇ ಹೊಂಡತೀನಿ. ಪೋರ ಮಲಗೂದ್ರಾಗ ಮುಟ್ಟತೀನಿ."

ಫೋನಿಟ್ಟ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಸತ್ತ ಅಪ್ಪ ಮಗನನ್ನು ಕಾಯಲು ಬಂದಿದ್ದಾನೆ ಅಂದುಕೊಂಡೆ. ಹೆದರಿಕೆಯೂ ಅರ್ಧ ಇಳಿಯಿತು. ರಜಿಸ್ಟರಿಗೆ ಕೈಮುಗಿದು, ಮುಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಗೇಟಿಗೆ ಹೋಗಿ ಗುರಪ್ಪ ಮಾಮಾನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ಕೊಟ್ಟ ಚಹಾ ಕುಡಿದೆ.

ಮುಕ್ಕಾಲು ಗಂಟೆ ಆಗಿರಬೇಕು. ಮತ್ತೆ ಕೇಳಿಸಿತು, ಒಳಗಿನಿಂದ.

ಟಿಣ್... ಟಿಣ್.

"ಮಾಮಾ, ಕೇಳಸ್ತೇನ್ರಿ?"

"ಏನವ್ವ? ನನಗೇನೂ ಇಲ್ಲ."

ಯಾಕೆ ಮತ್ತೆ ಬಡಿದ? ಬರೆದಾಗಿದೆ, ಓದಿದ್ದೇನೆ... ಅಪ್ಪ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಂತ ರೂಪ ಕಣ್ಣೆದುರು ಬಂತು. ಮುಂಜಾನೆ ಎಂಟೂವರೆ. ಮುಂಜಾನೆ...

ಸ್ಟೂಲಿನಿಂದ ಎದ್ದು ನಿಂತೆ. ಹದಿನೈದರ ಎದುರಿನ ಮಳೆ ಹದಿನೈದರದ್ದಲ್ಲ. ಅದು ಇವತ್ತಿನ ರಾತ್ರಿಯ ಮಳೆ. ಹದಿನಾಲ್ಕರ ಸೊನ್ನೆ ಇವತ್ತು ಮುಂಜಾನೆಗೇ ಮುಗಿದುಹೋಗಿತ್ತು.

ದತ್ತೂಗೆ ಫೋನು ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು. ಗಾಡಿ ಮೇಲಿದ್ದಾಗ ಅವನು ಎತ್ತುವುದಿಲ್ಲ, ಎತ್ತಬಾರದೆಂದು ಕಲಿಸಿದವಳೂ ನಾನೇ. ಸುನಂದಾಗೆ ಹಚ್ಚಿದೆ.

"ಅಕ್ಕಾ, ಇಲ್ಲಿ ಭಾಳ ಹೊಡ್ಯಾಕತ್ತೇತ್ರಿ..." ಅವಳ ಮಾತಿನ ಹಿಂದೆ ತಗಡಿನ ಮೇಲೆ ಮಳೆ ಸುರಿಯುವ ಸದ್ದು. "ಎದುರಿನ ಮನಿ ದೀಪ ಸುದ್ದಾ ಕಾಣವಲ್ದು."

"ದತ್ತೂ ಬರಾಕತ್ತಾನ. ಯಾರನ್ನರೆ ಪೂಲಿನ ಕಡಿ ಕಳಸು. ಅಂವನ್ನ ಆ ಕಡಿನೇ ನಿಂದರಸ್ರಿ ಅನ್ನು..."

"ಅವ್ರು ಉದ್ಯಾ ಅಲ್ರಿ ಬರೋದು?"

ಅಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ದತ್ತೂನ ನಂಬರಿಗೆ ಈಗ ಮರಾಠಿಯಲ್ಲಿ ಒಬ್ಬಳು ಹೇಳುತ್ತಿದ್ದಳು, ಸಂಪರ್ಕ ಕ್ಷೇತ್ರದ ಹೊರಗೆ ಎಂದು. ಅದನ್ನೇ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಸೋಲಾಪುರದಲ್ಲಿ ಒಂದು ಹನಿ ಇಲ್ಲ. ತಲೆಯ ಮೇಲೆ ಚಿಕ್ಕೆಗಳು. ಪೊಲೀಸರಿಗೆ ಫೋನು ಮಾಡಿದೆ. ಎತ್ತಿದವರು, ಪೂಲಿನ ಮೇಲೆ ನೀರು ಬಂದಿದೆ ಎಂದು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ಏನು ಹೇಳಲಿ? ನೋಡುತ್ತೇವೆ ಎಂದು ಇಟ್ಟರು.

ರಿಕ್ಷಾದವನೊಬ್ಬನ ಕಾಲು ಹಿಡಿದೆ. ಅವನು ಒಪ್ಪಿದ, ಗುರಪ್ಪ ಮಾಮಾನೂ ಜೊತೆಗೆ ಬಂದರು. ಅರ್ಧ ದಾರಿಯಲ್ಲಿ ಮಳೆ ಸಿಕ್ಕಿತು. ಅಂಥ ಮಳೆಯನ್ನು ನಾನು ಅಂಕಿಯಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. ಕೊನೆಗೆ ರಿಕ್ಷಾದ ಎಂಜಿನಿಗೆ ನೀರು ಹೋಗಿ ನಿಂತೇಬಿಟ್ಟಿತು. ಕತ್ತಲಲ್ಲಿ ಮುಂದೆ ಎಲ್ಲೋ ಹಳ್ಳ ಭೋರ್ಗರೆಯುತ್ತಿತ್ತು. ಇಳಿದು ಓಡಲು ಹೋದೆ, ಮಾಮಾ ರಟ್ಟೆ ಹಿಡಿದು ಎಳೆದು ಕೂರಿಸಿದರು.

"ಎಲ್ಲಿ ಹೋಗ್ತೀದಿ ತಂಗಿ? ರಸ್ತಾನೇ ಇಲ್ಲ."

ಬೆಳಗಾಗುವ ತನಕ ಅಲ್ಲೇ ಕೂತೆವು. ಆ ಸದ್ದು ಕೇಳುತ್ತ ಕೂತಿರುವುದು ಬಿಟ್ಟು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ನೀರಿಳಿದ ಮೇಲೆ ದತ್ತೂ ಸಿಕ್ಕ, ಪೂಲಿನಿಂದ ಸಾಕಷ್ಟು ಕೆಳಗೆ, ಜಾಲಿಗಿಡಗಳ ನಡುವೆ. ಮಗನಿಗೆಂದು ತಂದಿದ್ದ ಬಿಸ್ಕತ್ತಿನ ಪುಡೆ ಅಂಗಿಯ ಕಿಸೆಯಲ್ಲೇ ಇತ್ತು.

ಊರಲ್ಲಿ ಈಗ ಮಳೆ ಅಳೆಯಲು ತಾನೇ ಬರೆದುಕೊಳ್ಳುವ ಯಂತ್ರವಿದೆ. ಅದರ ಅಂಕಿಯನ್ನು ವಾರದ ಮೇಲೆ ಆಫೀಸಿನಲ್ಲಿ ನೋಡಿದೆ. ಹದಿನೈದನೇ ತಾರೀಖು, ನೂರಾ ಅರವತ್ತೆರಡು ಮಿಲಿಮೀಟರ್. ನಾನಿಲ್ಲದೆ ಸ್ಕ್ಯಾನಿಂಗಿಗೆ ಹೋಗದೆ ಉಳಿದಿದ್ದ ಅಪ್ಪನ ರಜಿಸ್ಟರನ್ನು ಕಪಾಟು ತೆರೆದು ತೆಗೆದೆ. ಹಾಳೆ ಖಾಲಿ ಇತ್ತು. ಚೀಟಿಯಲ್ಲಿ ನಾನು ಬರೆದಷ್ಟೇ ಖಾಲಿ ಹಾಳೆಗಳು, ಒಂದೂ ಕಡಿಮೆ ಇಲ್ಲ, ಹೆಚ್ಚಿಲ್ಲ.

ಅಪ್ಪ ಪದ್ಧತಿ ಪ್ರಕಾರ ಸರಿಯಾಗಿಯೇ ಬರೆದಿದ್ದ. ಅವನ ಮಗಳು ಓದಲು ಬಾರದವಳ ಹಾಗೆ ಓದಿದಳು.

ದತ್ತೂನ ದಿನಕರ್ಮ ಮುಗಿದ ರಾತ್ರಿ ಸುನಂದಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. "ಉದ್ಯಾ ಮುಂಜಾನಿ ಬರತೀನಿ ಅಂತ ಮಧ್ಯಾಹ್ನ ಅಂದಿದ್ರು ಅಕ್ಕಾ. ಆ ರಾತ್ರಿಯಾಗ ಯಾಕ ಹೊಂಟ್ರೋ ಏನೋ. ನಿಮಗ ಫೋನ್ ಮಾಡಿದಾಗ ಯಾಕಂತ ಏನರೆ ಹೇಳಿದ್ರೇನ್ರಿ?"

"ಇಲ್ಲವ್ವ," ಎಂದೆ.

ಸ್ಕ್ಯಾನಿಂಗ್ ಮುಗಿದು ಆ ಕಟ್ಟು ಮತ್ತೆ ನಮ್ಮ ಕಪಾಟಿಗೇ ಬಂದಿದೆ. ಕೀಲಿ ನನ್ನ ಹತ್ತಿರ. ಸುನಂದಾ ಈಗ ಅಕ್ಕಲಕೋಟದಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಮಗನನ್ನು ಅಲ್ಲಿಯ ಸಾಲೆಗೆ ಹಾಕಿದ್ದಾಳೆ. ಇಬ್ಬರೂ ದಿನಾ ಅದೇ ಪೂಲ ದಾಟುತ್ತಾರೆ.

ನಿನ್ನೆ ಸಂಜೆ ಆಫೀಸಿನಿಂದ ಹೊರಡುವಾಗ ಕಪಾಟಿನೊಳಗೆ ಸದ್ದಾಯಿತು. ಟಿಣ್... ಟಿಣ್. ಕೀಲಿ ಹಿಡಿದು ತುಂಬ ಹೊತ್ತು ನಿಂತಿದ್ದೆ, ತೆರೆಯದೆ ಮನೆಗೆ ಬಂದೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ತೆರೆಯದಿದ್ದರೆ ಏನಾದೀತೋ ಎಂಬ ಭಯ ಒಂದು ಕಡೆ... ತೆರೆದರೆ ಈ ಸಲವಾದರೂ ಸರಿಯಾಗಿ ಓದುತ್ತೇನೆ ಎಂಬ ಧೈರ್ಯ ನನಗಿಲ್ಲ.