ಹೂವಿನ ಶೆಡ್ಡಿನ ಮೋಟಾರ್ ತೊಟ್ಟಿಲು

ಮಂಗಳವಾರ, ಆಗಸ್ಟ್ ೧೨. ಸಂಜೆ ಆರೂವರೆಗೆ, ನನ್ನಂತೆ ಕೂಸುಗಳ ನಡುವೆ ಕೆಲಸ ಮಾಡುವ ನಿಮಗೆಲ್ಲ ಇದನ್ನು ಬರೆಯಲು ಕೂತೆ.

ಗುಂಡ್ಲುಪೇಟೆ ಹೊರಗಿನ ಚೆಂಡುಹೂವಿನ ಶೆಡ್ಡಿಗೆ ನಾನು ಮಕ್ಕಳ ಆರೈಕೆಯ ಸಂಸ್ಥೆಯೊಂದರಿಂದ ವಾರಕ್ಕೊಮ್ಮೆ ಹೋಗುತ್ತೇನೆ. ಕೂಲಿ ತಾಯಂದಿರ ಜೊತೆ ಕೂತು ಅವರ ಹಸುಗೂಸುಗಳನ್ನು ಮಾತಾಡಿಸುವುದು, ಆಡಿಸುವುದು ನನ್ನ ಕೆಲಸ. ಹೂವು ಆರಿಸುವ ಹೆಂಗಸರು ಸೀರೆಯ ತೊಟ್ಟಿಲನ್ನು ತೊಲೆಗೆ ಕಟ್ಟಿ, ಅದರ ಹಗ್ಗವನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಕೈ ಹೂವಿನಲ್ಲಿ, ಬಾಯಿ ಮಗುವಿನ ಜೊತೆ. ಏಳು ತಿಂಗಳ ಗಂಡುಕೂಸೊಂದು "ಆ..." ಎಂದರೆ ಅವನ ತಾಯಿ, "ಏನ್ಲಾ ಸಾವ್ಕಾರ, ಹೂವ ಸಾಲ್ದಾ?" ಎನ್ನುತ್ತಿದ್ದಳು. ಅವನು ಕೇಕೆ ಹಾಕುತ್ತಿದ್ದ. ಇಂಥ ಪ್ರತಿ ಜವಾಬಿಗೂ ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಜುಲೈ ಎಂಟರಂದು ಪುಟ ಸಾಲಲಿಲ್ಲ.

ಆಮೇಲೆ ಮೇಸ್ತ್ರಿ ಹಗ್ಗಗಳನ್ನು ಬಿಚ್ಚಿಸಿದ. ಕ್ರೇಟ್ ಹೊರುವವರ ಕಾಲಿಗೆ ತೊಡರುತ್ತವಂತೆ. "ಅದ್ಯಾಕಮ್ಮಿ ಕಾಲ್ಗೆ ಅಗ್ಗ ಕಟ್ಕಂಡಿದ್ದೀಯೆ, ನೀನೇನ್ ಎತ್ತಾ?" ಎಂದು ಆ ತಾಯಿಯನ್ನು ಆಡಿಕೊಂಡ. ಮಾಲೀಕರು ಹಿಂದಿನ ಗೋಡೆಯ ಹತ್ತಿರ ಕರೆಂಟಿನಲ್ಲಿ ತಾನಾಗಿ ತೂಗುವ ಮೋಟಾರ್ ತೊಟ್ಟಿಲು ಹಾಕಿಸಿದರು. ಕೆಲಸಕ್ಕೆ ಕೂತ ತಾಯಂದಿರ ಬೆನ್ನು ಅದರ ಕಡೆಗೆ. ಮೋಟಾರಿನ ಸದ್ದಿನಲ್ಲಿ ಕೂಸಿನ ಕೂಗು ಯಾರಿಗೂ ಕೇಳಿಸದು. ಎರಡು ಮಂಗಳವಾರ ಆ ಪುಟ್ಟ ಸಾವ್ಕಾರ ಕೂಗಿಯೇ ಕೂಗಿದ. ಇವತ್ತು ಕೂಗಲಿಲ್ಲ. ನಾನು ಬಗ್ಗಿ ಮಾತಾಡಿಸಿದರೆ ಗೋಡೆಯ ಕಡೆ ಮುಖ ತಿರುಗಿಸಿದ.

ತೊಟ್ಟಿಲು ಬಂದು ವಾರಗಳಾಗಿದ್ದರೂ ಅದರ ಉದ್ಘಾಟನೆ ಇವತ್ತು. ಮೋಟಾರಿಗೆ ಹಾರ, ಬಂದವರಿಗೆಲ್ಲ ಪೇಡ, ಫೋಟೋ. ನಮ್ಮ ಸಂಸ್ಥೆಯ ಹಿರಿಯರೊಬ್ಬರೂ ಬಂದಿದ್ದರು. "ಎಷ್ಟು ಒಳ್ಳೇ ಮಗು, ಅಳೋದೇ ಇಲ್ಲ!" ಎಂದು ಪೇಡ ಮೆತ್ತಿದ ಬೆರಳಿನಿಂದ ಅವನ ಕೆನ್ನೆ ಹಿಂಡಿದರು. ಅವನು ಅದಕ್ಕೂ ಅಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೊರಗೆ ಹೋಗಿ ಬಾಯಲ್ಲಿದ್ದ ಪೇಡವನ್ನು ಉಗಿದು ಬಂದೆ.

ಅಷ್ಟರಲ್ಲಿ ತಾಯಿ ಎದ್ದು ಮಗುವನ್ನು ಎತ್ತಿಕೊಂಡಿದ್ದಳು.

"ಅಲ್ಲೇ ಬುಡಮ್ಮಿ, ಚೆನ್ನಾಗವ್ನಲ್ಲಾ," ಎಂದ ಮೇಸ್ತ್ರಿ.

"ಚೆನ್ನಾಗಿಲ್ಲ ಕಣಣ್ಣಾ. ನನ್ ಮಗ ನನ್ನೇ ಮರ್ತೋಗ್ತಾವ್ನೆ. ನಿಮ್ ಮೋಟಾರು ಅವ್ನ್ ಕೂಡ ಮಾತಾಡ್ತದಾ?"

"ಅಂಗಾದ್ರೆ ನಾಳೆಯಿಂದ ಮನೇಲೇ ಕುಂತ್ಕಂಡು ಮಾತಾಡ್ಸೋಗು!"

ಹಿರಿಯರು ಕೇಳಿಸದವರಂತೆ ಇನ್ನೊಂದು ಪೇಡ ತೆಗೆದುಕೊಂಡರು. ಅವಳು ಕೂಸನ್ನು ಸೊಂಟಕ್ಕೇರಿಸಿ ಹೊರಟಳು; ನಾನೂ ಜೊತೆಗೆ ನಡೆದೆ. ಬಸ್ ಸ್ಟಾಪಿನವರೆಗೂ ಮಾತಾಡಿಸುತ್ತಲೇ ಇದ್ದಳು. ಅವನು ಅವಳ ಮುಖ ನೋಡಲಿಲ್ಲ.

ಕೂಲಿ ಇಲ್ಲದೆ ಅವಳ ಮನೆ ನಡೆಯುವುದಿಲ್ಲ. ಹರವೆ, ಹರದನಹಳ್ಳಿ ಕಡೆ ಕೂಸನ್ನು ಮಗ್ಗುಲಲ್ಲೇ ಇಟ್ಟುಕೊಂಡು ಕೆಲಸ ಮಾಡಲು ಬಿಡುವವರು ಯಾರಾದರೂ ಇದ್ದಾರೆಯೇ? ಹೀಗೆ ಸುಮ್ಮನಾದ ಕೂಸು ಮತ್ತೆ ಕೂಗಿದ್ದನ್ನು ಕಂಡವರಿದ್ದೀರಾ? ಎಷ್ಟು ದಿನ ಹಿಡಿಯಿತು, ಏನು ಮಾಡಿದಿರಿ, ನನಗೆ ಬರೆದು ತಿಳಿಸಿ.