ಜವರಣ್ಣ ಕಂಡ ಬ್ಯಾಗು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಸಿದ್ದಯ್ಯ. "ಅರಕಲಗೂಡು ಬಸ್ ಸ್ಟ್ಯಾಂಡಲ್ಲಿ ಒಬ್ಳೇ ನಿಂತ್ಕಳಕ್ಕೆ ಎದರ್ತಾಳೆ, ಇವ್ಳು ಆಸನಕ್ಕೋಗಿ ಇಂಗ್ಲೀಸಲ್ಲಿ ಬಿ.ಎ. ಮಾಡ್ತಾಳಂತೆ. ಆಗಕಿಲ್ಲ ಬುಡು" ಎಂದು ಅವ್ವನ ಎದುರಿಗೇ ಅಂದಿದ್ದರು. ಎರಡನೆಯವರು ಜವರಣ್ಣ. ನಾನು ಹಾಸ್ಟೆಲ್ಲಿಗೆ ಬಂದ ಒಂದು ವಾರಕ್ಕೆ, "ಈ ಕೂಸು ನಿಲ್ಲಕಿಲ್ಲ" ಎಂದು ಅಡುಗೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೇ ಬಿತ್ತು. ಮಾವ ಹೇಳಿ ಸುಮ್ಮನಾದರು. ಜವರಣ್ಣ ಸುಮ್ಮನಾಗುವ ಆಸಾಮಿಯಲ್ಲ.

ಅವರು ನಿಲ್ಲುವ ರೀತಿಯೇ ಬೇರೆ. ಎರಡೂ ಕಾಲು ಅಗಲಿಸಿ, ಬೆನ್ನು ತುಸು ಹಿಂದಕ್ಕೆ ಕೊಟ್ಟು, ಏನನ್ನೂ ಹಿಡಿದುಕೊಳ್ಳದೆ ನಿಲ್ಲುತ್ತಿದ್ದರು. ಭೂಮಿ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕುತ್ತದೋ ಹೇಳಲಾಗದು ಎಂಬಂತೆ. ಊರು ಹೊಳೆನರಸೀಪುರ. ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಹಾಸನದ ನಮ್ಮ ಕಾಲೇಜಿನ ಹಾಸ್ಟೆಲ್ಲಿಗೆ ವಾಚ್‌ಮನ್ ಆಗಿ ಬಂದಿದ್ದರು. ಡಿಗ್ರಿಗೆ ಮುಂಚೆ ಆರು ತಿಂಗಳು ಇಂಗ್ಲಿಷ್ ಕಲಿಯಲು ಮೊಜಾಂಬಿಕ್, ಸೂಡಾನ್ ಕಡೆಯ ಮಕ್ಕಳು ಬರತೊಡಗಿದಾಗ, ಅವರನ್ನು ಊರಿಗೆ ಹೊಂದಿಸುವ ಕೆಲಸವೂ ಇವರ ತಲೆಗೇ ಬಂತು. ಪೊಲೀಸ್ ಆಫೀಸಿನಲ್ಲಿ ಹೆಸರು ಬರೆಸುವುದು, ಸಿಮ್ ಕೊಡಿಸುವುದು, ಮೆಸ್ಸಿನಲ್ಲಿ ಅವರ ಪಾಲಿನ ಸಾರಿಗೆ ಖಾರ ಕಡಿಮೆ ಮಾಡಿಸುವುದು ಎಲ್ಲಾ ಜವರಣ್ಣನೇ.

ಇಂಗ್ಲಿಷ್ ಅವರಿಗೆ ಬಸ್ಸಿನೊಳಗೆ ಬೇಕಾದಷ್ಟು ಬರುತ್ತಿತ್ತು. ಕಮ್, ಸಿಟ್, ಫುಲ್, ಹಾಫ್, ನೆಕ್ಸ್ಟ್ ಸ್ಟಾಪ್. ಅದರಲ್ಲೇ ಜಗತ್ತು ನಡೆಸುತ್ತಿದ್ದರು. ಮನೆ ನೆನೆದು ಕಾಲೇಜಿನ ಮೆಟ್ಟಿಲ ಮೇಲೆ ಅಳುತ್ತಿದ್ದ ಸೂಡಾನಿನ ಹುಡುಗನ ಪಕ್ಕ ಕೂತು, "ದಿಸ್ ಸ್ಟಾಪ್ ಬ್ಯಾಡ್. ನೆಕ್ಸ್ಟ್ ಸ್ಟಾಪ್ ಗುಡ್" ಎಂದದ್ದನ್ನು ನಾನು ಕಂಡಿದ್ದೇನೆ. ಹುಡುಗ ಅಳುತ್ತಲೇ ನಕ್ಕುಬಿಟ್ಟ.

ಇಂಗ್ಲಿಷಿನಲ್ಲಿ ನನ್ನ ಅಂಕ ಕಡಿಮೆ ಇತ್ತು. ಹಾಗಾಗಿ ಮೊದಲ ಆರು ತಿಂಗಳು ಪ್ರಿನ್ಸಿಪಾಲರು ನನ್ನನ್ನೂ ಆ ವಿದೇಶಿಯರ ತರಗತಿಗೇ ಹಾಕಿದರು. ಆ ಮಕ್ಕಳು ಬಂದ ದಿನ ಒಬ್ಬೊಬ್ಬರಿಗೂ ಹಾರ, ಊರಿನ ನಕ್ಷೆ, ಹೊಸ ಬಕೆಟ್ಟು ಕೊಟ್ಟರು. ನನ್ನ ಕೈಗೆ ಪಾನಕದ ಲೋಟಗಳ ತಟ್ಟೆ ಕೊಟ್ಟು, "ನೀನು ಲೋಕಲ್ ಅಲ್ವಾ, ಹಂಚಮ್ಮ" ಎಂದರು. ಹಂಚಿದೆ. ಆದರೆ ಹಾಸನದ ಹುಡುಗಿಯರಿಗೆ ನಾನು ಫಾರಿನ್ ಕ್ಲಾಸಿನವಳು, ಫಾರಿನ್ನಿನವರಿಗೆ ಲೋಕಲ್. ಊಟಕ್ಕೆ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಎಷ್ಟೋ ದಿನ ಎಲ್ಲರೂ ಎದ್ದ ಮೇಲೆ ಹೋಗಿ ಉಂಡೆ. ನನ್ನೂರು ಅಲ್ಲಿಗೆ ಒಂದೂವರೆ ಗಂಟೆಯ ದಾರಿ. ಅಷ್ಟು ಹತ್ತಿರದವಳು ಒಂಟಿ ಎಂದು ಹೇಳಿಕೊಳ್ಳಲು ನಾಚಿಕೆ.

ಹೊಸಬರಿಗೆ ಜವರಣ್ಣ ಒಂದು ಪರೀಕ್ಷೆ ಇಟ್ಟಿದ್ದರು. ಒಂದು ಭಾನುವಾರ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋಗಿ, ಇಡ್ಲಿ ತಿನ್ನಿಸಿ, ಅಲ್ಲೇ ಬಿಟ್ಟು ಬಂದುಬಿಡುವುದು. ಚೀಟಿ ಬರೆದುಕೊಡುವಂತಿಲ್ಲ, ಫೋನ್ ಮಾಡುವಂತಿಲ್ಲ. ಕೇಳಿಕೊಂಡು ಹಾಸನ ಸೇರಬೇಕು. "ಒಂದ್ಸಲ ಒಬ್ರೇ ಬಂದ್ಬುಟ್ರೆ ಊರು ಅವರ್ದಾಯ್ತದೆ ಕಣವ್ವ. ಕೈ ಇಡ್ಕಂಡು ಬಂದೋರಿಗೆ ಯಾವತ್ತೂ ಆಗಕಿಲ್ಲ" ಎನ್ನುತ್ತಿದ್ದರು.

ಆ ಭಾನುವಾರ ಮೊಜಾಂಬಿಕ್‌ನ ಲುಸಿಯಾಳ ಸರದಿ. ಅದೇ ಬೆಳಿಗ್ಗೆ ನಾನು ಬಟ್ಟೆಬರೆಯೆಲ್ಲ ಬ್ಯಾಗಿಗೆ ತುಂಬಿಕೊಂಡು ಗೇಟಿಗೆ ಬಂದೆ. ಇನ್ನು ವಾಪಸ್ಸು ಬರುವುದಿಲ್ಲ ಎಂದು ನಿರ್ಧರಿಸಿಯಾಗಿತ್ತು. ಜವರಣ್ಣನಿಗೆ, "ಬಟ್ಟೆ ಒಗೆಸ್ಕೊಂಡು ಬರ್ತೀನಿ" ಎಂದೆ. ಅವರು ಬ್ಯಾಗನ್ನೊಮ್ಮೆ ನೋಡಿದರು, ನನ್ನ ಮುಖವನ್ನಲ್ಲ.

"ಬಾರವ್ವ, ನೀನೂ ಚನ್ನರಾಯಪಟ್ಟಣಕ್ಕೇ ಬಾ. ಅಲ್ಲಿಂದ ಇಬ್ರೂ ಬನ್ನಿ. ಅವ್ಳಿಗೆ ಕನ್ನಡ ಬರಕಿಲ್ಲ, ನಿಂಗೆ ಇಂಗ್ಲೀಸು ಬರಕಿಲ್ಲ. ಮಾತಾಡ್ಕಂಡು ಬನ್ನಿ."

"ನಂಗ್ಯಾಕಣ್ಣ? ನಾನು ಇಲ್ಲಿಯವಳೇ ಅಲ್ವಾ?"

"ನೀನೂ ಫಾರಿನ್ನೇ ಕಣವ್ವ. ಪಾಸ್‌ಪೋರ್ಟ್ ಒಂದಿಲ್ಲ ಅಷ್ಟೆಯ."

ಚನ್ನರಾಯಪಟ್ಟಣದಲ್ಲಿ ಅವರು "ರೈಟ್" ಎಂದು ಹೇಳಿ ಹೊರಟುಹೋದರು. ಹೋಗಿಬನ್ನಿ ಎನ್ನುವ ಕಡೆಯೆಲ್ಲ ಅವರದು ಅದೊಂದೇ ಮಾತು. ಹಾಸನದ ಬಸ್ಸು ಎದುರಿಗೇ ಇತ್ತು. ನಾನು ಲುಸಿಯಾಳನ್ನು ನಮ್ಮೂರಿನ ದಾರಿಯ ಹೊಳೆನರಸೀಪುರದ ಬಸ್ಸಿಗೆ ಹತ್ತಿಸಿದೆ. ಮೊದಲು ನನ್ನ ಮನೆ ಸೇರುವುದು, ಆಮೇಲೆ ಇವಳನ್ನು ಯಾವುದಾದರೂ ಬಸ್ಸಿಗೆ ಹಾಕುವುದು ಎಂದು ನನ್ನ ಲೆಕ್ಕ. ದಾರಿಯಲ್ಲಿ ಅವಳು, "ಯುವರ್ ಹೌಸ್ ಫಾರ್?" ಎಂದಳು. "ನಿಯರ್" ಎಂದೆ. "ಮೈ ಹೌಸ್, ತ್ರೀ ಪ್ಲೇನ್" ಎಂದು ಮೂರು ಬೆರಳು ತೋರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆ ತಿರುಗಿ ಕೇಳಿದಳು: "ನಿಯರ್. ವೈ ಯೂ ಕ್ರೈ?" ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಕೋಣೆ ಅವಳದು. ರಾತ್ರಿ ನಾನು ಅಳುವುದು ಗೋಡೆಯಾಚೆಗೆ ಕೇಳಿಸುತ್ತಿತ್ತು ಎಂದು ನನಗೆ ಆಗಲೇ ಗೊತ್ತಾಗಿದ್ದು. ತೊಡೆಯ ಮೇಲಿದ್ದ ಬ್ಯಾಗಿನ ಜಿಪ್ಪನ್ನು ಎಳೆದು ಸರಿಮಾಡಿದೆ.

ಹೊಳೆನರಸೀಪುರದಲ್ಲೊಮ್ಮೆ, ಅರಕಲಗೂಡಿನಲ್ಲೊಮ್ಮೆ ಬಸ್ಸು ಬದಲಿಸಿ ಮನೆ ಸೇರಿದಾಗ ಮಾವ ಜಗಲಿಯ ಮೇಲಿದ್ದರು. ಬ್ಯಾಗು ನೋಡಿ, "ಬಂದ್ಯಾ ಅಮ್ಮಿ? ನಾನು ಏಳ್ಲಿಲ್ವಾ" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ನೋಯಿಸಿತು. ಬ್ಯಾಗನ್ನು ಅವರೇ ಎತ್ತಿಕೊಂಡು ಹೋಗಿ ಒಳಗಿಟ್ಟರು.

ಅವ್ವ ಲುಸಿಯಾಳಿಗೆ ಮುದ್ದೆ ಇಕ್ಕಿದಳು. ಅವಳು ಮುರಿದು, ಸಾರಿಗೆ ಅದ್ದಿ, ಸಲೀಸಾಗಿ ನುಂಗಿದಳು. ಅವರೂರಿನಲ್ಲೂ ಅಂಥದ್ದೇ ಹಿಟ್ಟಿನ ಊಟವಂತೆ. ಹೊರಡುವಾಗ ಅವ್ವ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ತಂದಳು. ಮಾವ ತಡೆದರು. "ಮದುವೆಯಾಗದ ಎಣ್ಣಿಗೆ ಮಡ್ಲು ತುಂಬ್ತಾರೇನವ್ವ? ಯಾವೂರ ಪದ್ಧತಿ ಇದು?"

"ಮೊದಲ್ನೇ ಸಲ ಬಂದವ್ಳೆ. ತಾಯಿ ಎಲ್ಲೋ ಅವ್ಳೆ. ಬರೀ ಮಡ್ಲಲ್ಲಿ ಕಳ್ಸಕ್ಕಾಯ್ತದಾ?" ಎಂದ ಅವ್ವ, ಲುಸಿಯಾ ಸೊಂಟಕ್ಕೆ ಸುತ್ತಿದ್ದ ಹೂವಿನ ಬಟ್ಟೆಯ ಅಂಚು ಹಿಡಿಸಿ ಅಕ್ಕಿ ಸುರಿದಳು. "ಮನೆ ಮುಟ್ಟೋಗಂಟ ಕೆಳಗಿಡಬ್ಯಾಡ ಅಂತ ಏಳಮ್ಮಿ ಅವ್ಳಿಗೆ." ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಗಂಟು ಹಾಕಿಕೊಳ್ಳಬಹುದು ಎಂದು ಹೇಳಲು ಮರೆತೆ.

ಅವಳನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆಂದು ರಸ್ತೆಗೆ ಹೋದೆ. ಹಾಸನದ ಬಸ್ಸು ಬಂತು. ಲುಸಿಯಾ ಹತ್ತಿ ನಿಂತಳು. ಸೀಟಿರಲಿಲ್ಲ. ಎರಡೂ ಕೈಯಲ್ಲಿ ಮಡಿಲು ಬಿಗಿಹಿಡಿದಿದ್ದಳು. ಕಂಬಿ ಹಿಡಿಯಲು ಅವಳಿಗೆ ಮೂರನೆಯ ಕೈ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಅವಳು ವಾಲಿದಳು, ಆದರೂ ಕೈ ಬಿಡಲಿಲ್ಲ. ನಾನು ಓಡಿ ಹತ್ತಿ ಅವಳ ಸೊಂಟ ಹಿಡಿದುಕೊಂಡೆ.

ಬ್ಯಾಗು ಮನೆಯಲ್ಲೇ ಉಳಿಯಿತು. ಹಾಸನ ಬರುವವರೆಗೂ ಅವಳನ್ನು ಹಿಡಿದುಕೊಂಡೇ ನಿಂತಿದ್ದೆ.

ಗೇಟಿನಲ್ಲಿ ಜವರಣ್ಣ ಎಂದಿನಂತೆ ಕಾಲಗಲಿಸಿ ನಿಂತಿದ್ದರು. ಅಕ್ಕಿ ನೋಡಿದರು, ನನ್ನ ಬರಿಗೈ ನೋಡಿದರು. ಬೆರಳಿನಿಂದ ಗಾಳಿಯಲ್ಲಿ ನಮ್ಮ ತಲೆ ಎಣಿಸಿ, "ಇಬ್ರು. ರೈಟ್" ಎಂದರು. ಮರುವಾರ ಮಾವ ನನ್ನ ಬ್ಯಾಗು ತಂದು, ಗೇಟಿನಲ್ಲಿ ಜವರಣ್ಣನ ಕೈಗೆ ಕೊಟ್ಟು, ನನ್ನನ್ನು ನೋಡದೆ ಹೋದರು.

ಆರು ತಿಂಗಳಾದ ಮೇಲೆ ಲುಸಿಯಾ ಡಿಗ್ರಿಗೆ ಬೇರೆ ಊರಿಗೆ ಹೋದಳು. ನಾನು ಮತ್ತೆ ಒಬ್ಬಳೇ. ಆದರೆ ಹೊಸಬರು ಬಂದಾಗಲೆಲ್ಲ ಜವರಣ್ಣ, "ಬಾರವ್ವ ಸೀನಿಯರ್ರು" ಎಂದು ನನ್ನನ್ನು ಕರೆಯುತ್ತಿದ್ದರು. ಇಂಗ್ಲಿಷ್ ನನಗೆ ತರಗತಿಗಿಂತ ಹೆಚ್ಚಾಗಿ, ಹೊಸಬರೊಂದಿಗೆ ಕಾಯುತ್ತಿದ್ದ ಆ ಪೊಲೀಸ್ ಆಫೀಸಿನ ಬೆಂಚಿನ ಮೇಲೆ ಬಂತು.

ಕೊನೆಯ ಸಲ ಅವರನ್ನು ಕಂಡದ್ದು ನನ್ನ ಡಿಗ್ರಿಯ ಮೂರನೇ ವರ್ಷ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಮೈ ಇಳಿದುಹೋಗಿತ್ತು. ಕೆಲಸ ಬಿಟ್ಟು ಊರಿಗೆ ಹೊರಟಿದ್ದರು. ಮೊದಲ ಸಲ ಅವರು ಕಂಬ ಹಿಡಿದು ನಿಂತದ್ದನ್ನು ನೋಡಿದೆ. ಬಾಯಿ ತಡೆಯದೆ ಕೇಳಿದೆ: "ಅವತ್ತು ನಾವು ಹಾಸನದ ಬಸ್ ಹತ್ತಲಿಲ್ಲ ಅಂತ ನಿಮಗೆ ಗೊತ್ತಿತ್ತಾ ಅಣ್ಣ?"

"ಗೊತ್ತಿಲ್ದೆ ಏನವ್ವ. ಆ ರೂಟಿನ ಕಂಡಕ್ಟ್ರುಗಳಿಗೆಲ್ಲ ಮೊದ್ಲೇ ಏಳ್ತಿದ್ದೆ. ಮಾತಾಡಿಸ್ಬ್ಯಾಡ್ರಪ್ಪ, ಅವರೇ ಬಾಯ್ಬುಡ್ಲಿ, ನೀವು ಕಣ್ಣಿಟ್ಟಿರಿ ಅಷ್ಟೆ ಅಂತ. ಅವತ್ತು ಒಬ್ಬ ಕಂಡಕ್ಟ್ರದ್ದು ಫೋನ್ ಬಂತು, ಅಣ್ಣ, ಎಣ್ಮಕ್ಳು ವಳೆನರಸೀಪುರದ್ದು ಅತ್ತವ್ರೆ ಅಂತ. ಬುಡು, ಓಗ್ಲಿ ಅಂದೆ."

"ನಾನು ಬರದೇ ಇದ್ದಿದ್ರೆ?"

ಎದುರಿಗಿದ್ದ ಮೈಸೂರಿನ ಬಸ್ಸಿನ ಕಡೆ ಅವರು ಕೈ ತೋರಿಸಿದರು. "ನನ್ ಮಗಳು ಮೈಸೂರಲ್ಲಿ ಓದ್ತಿದ್ಲು. ಒಂದಿನ ಬ್ಯಾಗು ತಗಂಡು ಬಸ್ ಅತ್ತಿದ್ಲು. ಆ ಬಸ್ಸಲ್ಲಿ ನಾನೇ ಡ್ಯೂಟಿ. ಮಗಳು ಬಂದ್ಲು ಅಂತ ಖುಸಿಲಿ ಮುಂದಿನ ಸೀಟಲ್ಲಿ ಕೂರಿಸ್ಕಂಡು ಬಂದೆ. ಯಾಕವ್ವ ಬಂದೆ ಅಂತ ಒಂದು ಮಾತು ಕೇಳ್ಲಿಲ್ಲ. ಅವ್ಳು ಮತ್ತೆ ಓಗ್ಲಿಲ್ಲ." ಬಸ್ಸು ಬಂತು. "ಅವತ್ತಿಂದ ಬ್ಯಾಗು ನೋಡ್ತೀನಿ" ಎಂದು ಹತ್ತಿದರು. ರೈಟ್ ಎನ್ನುವುದನ್ನು ಮರೆತರು.

ನನ್ನ ಫಲಿತಾಂಶ ಬರುವ ಒಂದು ತಿಂಗಳು ಮುಂಚೆ ಅವರು ತೀರಿಕೊಂಡರು.

ಸರ್ಟಿಫಿಕೇಟ್ ಕೊಡುವ ದಿನ ಮಾವ ಬಂದಿದ್ದರು. ಸಭಾಂಗಣದ ಹಿಂದಿನ ಸಾಲಿನಲ್ಲಿ, ಟವೆಲ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಮ್ಮ ವಂಶದಲ್ಲಿ ಮೊದಲನೆಯದು ಆ ಕಾಗದ. ಪ್ರಿನ್ಸಿಪಾಲರು ನನಗೆ ಕೊಟ್ಟರು, ನಾನು ಇಳಿದು ಬಂದು ಮಾವನಿಗೆ ಕೊಟ್ಟೆ. ಅವರು ಕೈಯನ್ನು ಟವೆಲಿಗೆ ಒರೆಸಿಕೊಂಡು ಹಿಡಿದರು. ಹೊರಗೆ ಬಂದು ಹಾಸ್ಟೆಲ್ ಗೇಟಿನ ಮುಂದೆ ನಿಂತರು. ಅಲ್ಲಿ ವಾಚ್‌ಮನ್ನಿನ ಖಾಲಿ ಸ್ಟೂಲು ಮಾತ್ರ ಇತ್ತು.

"ಬ್ಯಾಗು ಈಸ್ಕಂಡ್ರಲ್ಲ, ಅವ್ರ ಮನೆ ವಳೆನರಸೀಪುರದಲ್ಲಿ ಎಲ್ಲಿ?"

"ಕೇಳಿದ್ರೆ ಹೇಳ್ತಾರೆ ಮಾವ."

"ಅಂಗಾರೆ ಈ ಕಾಗ್ದವ ಅವ್ರ ಮನೆಲಿ ತೋರಿಸ್ಬುಟ್ಟು ಬರಾಣ ನಡಿ." ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ಸು ಕೊಟ್ಟು, ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ಬಸ್ಸು ನೀನೇ ನೋಡಮ್ಮಿ. ನಾನು ನಿನ್ನ ಇಂದ್ಗಡೆ ಬತ್ತೀನಿ."