ಮೇಜಿನ ಕಾಲಡಿಯ ಬಿಲ್ಲು

ನನ್ನ ಟೈಪ್‌ರೈಟರಿನ ಮೇಜಿಗೆ ಒಂದು ಕಾಲು ಗಿಡ್ಡ. ಅದರಡಿ ತುರುಕಿರುವ ಬೈನೆ ಮರದ ಪಟ್ಟಿ ಒಂದು ತುದಿಯಲ್ಲಿ ದಪ್ಪ, ಇನ್ನೊಂದರತ್ತ ಹೋಗುತ್ತಾ ಹೋಗುತ್ತಾ ತೆಳು. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ, ಗೆಳೆಯರೇ, ನನ್ನ ಬೆರಳು ಅಕ್ಷರದ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತದೆ.

ತಂಗಿ ಸಿಸಿಲಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್. ಹುಡುಗಿಯರಿಗೆ ಬಿಲ್ಲುವಿದ್ಯೆ ಕಲಿಸಲು ಎರಡು ವರ್ಷ ಅನುಮತಿ ಬೇಡಿ, ಕಡೆಗೆ ಹೆಡ್‌ಮಿಸ್ಟ್ರೆಸ್ಸಿನ ಷರತ್ತಿಗೆ ಒಪ್ಪಿದ್ದಳು: ಕ್ರೀಡಾದಿನದಂದು ಒಂದು ಬಾಣ ನೆಟ್ಟಗೆ ಹೋಗಬೇಕು, ಇಲ್ಲವಾದರೆ ಅವಳು ಈ ಮಾತನ್ನು ಮತ್ತೆ ಎತ್ತಬಾರದು.

ಬಿಲ್ಲು ಮಾಡುವ ಕೆಲಸ ಬಡಗಿಯಾದ ನನಗೆ ಬಂತು. ಪಟ್ಟಿಯ ಮೇಲೆ ಪಟ್ಟಿ ಅಂಟಿಸಿ ಮಾಡುವ ಬಿಲ್ಲಿನಲ್ಲಿ ಎಳೆತದ ಭಾರವೆಲ್ಲ ಹಿಡಿಯ ಹತ್ತಿರ ಬೀಳುವುದರಿಂದ ಅಲ್ಲಿ ಮರ ದಪ್ಪವಿರಬೇಕು, ತುದಿಯತ್ತ ಇಳಿಯುತ್ತಾ ಹೋಗಬೇಕು. ಅಂಟಿಸಿದ ಮೇಲೆ ಕೀಸಿದರೆ ಪದರವೇ ಹರಿಯುವುದರಿಂದ ಪ್ರತಿ ಪಟ್ಟಿಯನ್ನೂ ಮೊದಲೇ ಇಳಿಸಿಡಬೇಕು. ಇಪ್ಪತ್ತು ಸಂಜೆ ಕೀಸಿದೆ. ಆಮೇಲೆ, ಅಂಟಿಸುವುದನ್ನು ಬಾಕಿ ಇಟ್ಟು, ಮೂವತ್ತು ದಾಟಿದ ವಯಸ್ಸಿನಲ್ಲಿ, ಮೆಟ್ರಿಕ್ ಪರೀಕ್ಷೆಗೆ ಹೋದೆ.

ಕ್ರೀಡಾದಿನದಂದೇ ಇದ್ದ ಕೊನೆಯ ಪರೀಕ್ಷೆ ಮುಗಿಸಿ ನೇರವಾಗಿ ಶಾಲೆಯ ಮೈದಾನಕ್ಕೆ ಬಂದರೆ, ಸಿಸಿಲಿಯಾಳ ಕೈಯಲ್ಲಿ ಬಿಲ್ಲು ಸಿದ್ಧವಾಗಿತ್ತು! ನನಗೆ ಕೆಲಸ ಕಲಿಸಿದ ಲಾರೆನ್ಸ್ ಮೇಸ್ತ್ರಿ ಪಕ್ಕದಲ್ಲಿ ಕುಳಿತು ಬೀಗುತ್ತಿದ್ದರು. ಬೆಂಗ್ರೆಯಲ್ಲಿ ಆಯುಷ್ಯವಿಡೀ ದೋಣಿ ಕಟ್ಟಿದವರು. ಎರಡು ಹಲಗೆಗಳ ದಪ್ಪದಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಅವರಿಗೆ ನಿದ್ದೆ ಬಾರದು.

“ಎಂತ ಮಾರಾಯ ನಿನ್ನ ಕೆಲಸ! ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪರೀಕ್ಷೆಯ ಗಡಿಬಿಡಿ ಅಂತ ನಾನೇ ಎಲ್ಲ ಸಮ ಮಾಡಿ ಅಂಟಿಸಿದೆ. ಥ್ಯಾಂಕ್ಸ್ ಎಲ್ಲ ಬೇಡ.”

“ಸಿಸಿಲಿಯಾ, ಎಳೀಬೇಡ!” ಎಂದು ಕೂಗಿದೆ. ಅವಳು ಎಳೆದಾಗಿತ್ತು. ಬಿಲ್ಲು ಹಿಡಿಯ ಹತ್ತಿರವೇ ಸಿಡಿದು ಅವಳ ಕೆನ್ನೆಗೆ ಬಡಿಯಿತು. ಹುಡುಗಿಯರು ಚೀರಿದರು. “ಸಾಕು ಟೀಚರ್,” ಎಂದರು ಹೆಡ್‌ಮಿಸ್ಟ್ರೆಸ್, “ಇನ್ನು ಲೆಮನ್ ಆ್ಯಂಡ್ ಸ್ಪೂನ್ ನಡೀಲಿ.”

ಹೊಟ್ಟೆಕಿಚ್ಚಿನಿಂದ ಕೆಡಿಸಿದವರನ್ನಾದರೆ ಬೈದು ಮುಗಿಸಬಹುದು. ಪ್ರೀತಿಯಿಂದ ಕೆಡಿಸಿ, ಥ್ಯಾಂಕ್ಸನ್ನೂ ಉದಾರವಾಗಿ ಬಿಟ್ಟುಕೊಟ್ಟವರನ್ನು ಏನು ಮಾಡುವುದು? ಅವರು ಕೇಳಲಿಲ್ಲ. ಯಾಕೆ ಹೀಗೆ ಕೀಸಿದೆ ಎಂದು ಒಂದೇ ಒಂದು ಮಾತು ಕೇಳಲಿಲ್ಲ. ಭಾರ ಎಲ್ಲಿ ಹೆಚ್ಚು ಬೀಳುತ್ತದೆಂದು ನೋಡದೆ ಎಲ್ಲವನ್ನೂ ಒಂದೇ ಸಮ ಕೀಸಿ, ಅದನ್ನೇ ನ್ಯಾಯವೆಂದುಕೊಳ್ಳುವ ಕೈಗಳ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಹೋದ ವಾರ ಮನೆಗೆ ಬಂದ ಮೇಸ್ತ್ರಿ, ಮೇಜು ಕುಲುಕುವುದನ್ನು ಕಂಡು, ಅವರ ಕೀಸುಳಿಗೆ ಸಿಗದೆ ಮೂಲೆಯಲ್ಲಿ ಉಳಿದಿದ್ದ ಈ ಒಂದೇ ಪಟ್ಟಿಯನ್ನು ಕಾಲಡಿಗೆ ನೂಕಿದರು. “ನೋಡು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಂಥದ್ದೇ ಬೇಕಿತ್ತು ಇದಕ್ಕೆ!”

ಈಗಷ್ಟೇ ಅದನ್ನು ಎಳೆದು ತೆಗೆದೆ. ಮೇಜು ಕುಲುಕಲಿ, ಸಾಲು ಸೊಟ್ಟಗಾಗಲಿ. ನಾಳೆ ಇದರ ಅಳತೆಗೇ ಹೊಸ ಪಟ್ಟಿಗಳನ್ನು ಕೀಸುತ್ತೇನೆ, ಬಾಗಿಲಿಗೆ ಬೀಗ ಹಾಕಿಕೊಂಡು. ಮತ್ತೆ ಮಾತೆತ್ತುವುದಿಲ್ಲವೆಂದು ಒಪ್ಪಿಕೊಂಡವಳು ಸಿಸಿಲಿಯಾ. ನಾನು ಯಾರಿಗೂ ಏನನ್ನೂ ಒಪ್ಪಿಕೊಂಡಿಲ್ಲ.